ಒಂದನೇ ತಾರೀಕಿನ ಚಳಿಗಾಲ

ನಮ್ಮ ಮನೆಗೆ ಚಳಿಗಾಲ ಬರುವುದು ಒಂದನೇ ತಾರೀಕು ಬೆಳಿಗ್ಗೆ ಹತ್ತು ಗಂಟೆಗೆ. ಹೊರಗಿನ ಚಳಿ ಹದಿನೈದು ದಿನ ತಡವಾಗಿ ಬರಲಿ, ಬರದೆಯೇ ಹೋಗಲಿ, ಅತ್ತೆಗೆ ಅದರ ಗೊಡವೆ ಇಲ್ಲ. ಈ ವರ್ಷವೂ ಅಷ್ಟೆ. ಬೀದಿಯಲ್ಲಿ ಜನ ಕತ್ತಿನ ಬೆವರು ಒರೆಸಿಕೊಂಡು ಓಡಾಡುತ್ತಿದ್ದರು. ನಮ್ಮ ಮುಂದಿನ ಕೋಣೆಯಲ್ಲಿ ಮಾತ್ರ ಇಟ್ಟಿಗೆ ಬಣ್ಣದ ದಪ್ಪ ಪರದೆಗಳು ನೆಲದವರೆಗೆ ಇಳಿಬಿದ್ದಿದ್ದವು. ಸೋಫಾದ ಮೇಲೆ ಉಣ್ಣೆಯ ಹೊದಿಕೆ, ಕಾಲ ಕೆಳಗೆ ಉಣ್ಣೆಯ ಜಮಖಾನ, ಅದರ ಮೇಲೆ ಪೂರ್ತಿ ವೇಗದಲ್ಲಿ ತಿರುಗುವ ಫ್ಯಾನು. ಅತ್ತೆ ಅದನ್ನು ಚಳಿಗಾಲ ಎನ್ನುತ್ತಿದ್ದರು. ನಾನು ಹುಚ್ಚಾಟ ಎನ್ನುತ್ತಿದ್ದೆ, ಮನಸ್ಸಿನಲ್ಲಿ.

ಅತ್ತೆ ಮೂವತ್ತು ವರ್ಷ ಪೇಟೆಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಪರದೆ ವಿಭಾಗ ನೋಡಿಕೊಂಡವರು. ಆ ಅಂಗಡಿಯ ಗಾಜಿನ ಕಿಟಕಿಯೊಳಗೆ ಒಂದು ಕೋಣೆಯಿತ್ತು. ಸೋಫಾ, ದೀಪ, ಕಾಲುಮಣೆ ಎಲ್ಲ ಇದ್ದು ಯಾರೂ ವಾಸವಿಲ್ಲದ ಕೋಣೆ. ಕಾಲ ಬದಲಾಗುವ ಮುಂಚೆಯೇ ಅದಕ್ಕೆ ಹೊಸ ಉಡುಪು ತೊಡಿಸುವುದು ಅತ್ತೆಯ ಕೆಲಸ. ಬೀದಿಯಲ್ಲಿ ಹೋಗುವವರು ಅದನ್ನು ನೋಡಿ ಓಹೋ ಚಳಿ ಬಂತು ಎಂದುಕೊಂಡು ಒಳಗೆ ಬಂದು ದಪ್ಪ ಬಟ್ಟೆ ಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೆ ಅತ್ತೆಗೆ ಗಾಜಿನ ಕಿಟಕಿ ಇಲ್ಲದಂತಾಯಿತು. ಅದಕ್ಕೆ ನಮ್ಮ ಮನೆಯೇ ಗತಿಯಾಯಿತು. ವ್ಯತ್ಯಾಸ ಇಷ್ಟೆ, ಈ ಕಿಟಕಿಯೊಳಗೆ ನಾವು ಬದುಕಬೇಕು.

ಅಟ್ಟದ ಕೆಳಗೆ ಮೂರು ಪೆಟ್ಟಿಗೆಗಳಿವೆ. ಬೇಸಿಗೆಯದು, ಮಳೆಗಾಲದ್ದು, ಚಳಿಗಾಲದ್ದು. ಬೇಸಿಗೆಗೆ ತೆಳು ಬಿಳಿ ಹತ್ತಿ, ಅಂಚಿಗೆ ಬೆರಳಗಲದ ನೀಲಿ. ಮಳೆಗೆ ಬೇಗ ಒಣಗುವ ಬೂದು ಹಸಿರು ಚೌಕಳಿ. ಚಳಿಗೆ ಇಟ್ಟಿಗೆ ಬಣ್ಣ, ಒಳಗೆ ಅಸ್ತರಿನ ಇನ್ನೊಂದು ಪದರ. ಮೂರರಲ್ಲಿ ಒಂದು ಪೆಟ್ಟಿಗೆ ಯಾವಾಗಲೂ ಖಾಲಿ, ಏಕೆಂದರೆ ಅದರ ಸರಂಜಾಮು ಮನೆಯ ಮೈಮೇಲಿರುತ್ತದೆ. ಸೋಫಾದಲ್ಲಿ ಕೂರಬಹುದಾದವರು ಮೂವರು, ಅದರ ಮೇಲಿನ ದಿಂಬುಗಳು ಹನ್ನೊಂದು. ಬಂದವರು ಎರಡೆರಡು ದಿಂಬುಗಳನ್ನು ಮಕ್ಕಳ ಹಾಗೆ ತೊಡೆಯ ಮೇಲಿಟ್ಟುಕೊಂಡು ಮಾತಾಡಬೇಕು. ನನ್ನ ಗಂಡ ಇಷ್ಟು ವರ್ಷ ಅದರ ತುದಿಯಲ್ಲೇ ಕೂತು ಅಭ್ಯಾಸವಾಗಿ, ಬೇರೆಯವರ ಮನೆಯಲ್ಲೂ ಕುರ್ಚಿಯ ತುದಿಯಲ್ಲೇ ಕೂರುತ್ತಾನೆ.

ಬೀದಿಯವರು ಅತ್ತೆಗೆ ಇಟ್ಟ ಹೆಸರು ಕ್ಯಾಲೆಂಡರಮ್ಮ. ಅದರಲ್ಲಿ ತಮಾಷೆಗಿಂತ ಮರ್ಯಾದೆಯೇ ಹೆಚ್ಚು. ಎದುರುಮನೆಯಾಕೆಯಂತೂ ನಮ್ಮ ಕಿಟಕಿಯ ಮೇಲೆ ಕಣ್ಣಿಟ್ಟೇ ಇರುತ್ತಾಳೆ. ನಮ್ಮದು ಬದಲಾಯಿತೋ, ಮಾರನೆಯ ದಿನ ಅವಳದ್ದೂ ಬದಲಾಯಿತು. ಕ್ಯಾಲೆಂಡರಮ್ಮ ತಪ್ಪುವುದಿಲ್ಲ ಎಂಬುದು ಆ ಬೀದಿಯ ನಂಬಿಕೆ. ನನಗೆ ಮಾತ್ರ ಆ ಬೀದಿಯಲ್ಲಿ ಹೆಸರಿಲ್ಲ. ನಾನು ಕ್ಯಾಲೆಂಡರಮ್ಮನ ಸೊಸೆ. ಹದಿನಾಲ್ಕು ವರ್ಷಗಳಿಂದ ಆ ಮೂರು ಪೆಟ್ಟಿಗೆಗಳಿಗೆ ಬಿದ್ದ ಪ್ರತಿಯೊಂದು ಹೊಲಿಗೆಯೂ ನನ್ನದು, ಒಂದು ಬಣ್ಣವೂ ನನ್ನದಲ್ಲ. ಒಮ್ಮೆ ಧೈರ್ಯ ಮಾಡಿ ಅಡುಗೆಮನೆಯ ಕಿಟಕಿಗೆ ಹಳದಿ ಪರದೆ ಹಾಕಿದ್ದೆ. ಅತ್ತೆ ಅದನ್ನು ಎರಡು ಬೆರಳಲ್ಲಿ ಹಿಡಿದು ಇದು ಯಾವ ಕಾಲದ್ದು ಎಂದು ಕೇಳಿದರು. ಆ ಹಳದಿ ಇಂದಿಗೂ ಮೇಜು ಒರೆಸುವ ಬಟ್ಟೆಯಾಗಿ ಜೀವ ತೇಯುತ್ತಿದೆ.

ಅಂಥ ನನಗೆ ಕಳೆದ ತಿಂಗಳ ಕೊನೆಯಲ್ಲಿ ಒಂದು ಕೆಲಸ ಬಂತು. ಅತ್ತೆಗಲ್ಲ, ನನಗೆ. ಪಕ್ಕದ ಬೀದಿಯ ಶಾಲೆಯ ಮುಖ್ಯೋಪಾಧ್ಯಾಯಿನಿ ಮನೆಗೇ ಬಂದು, ಹೊಸ ಸಭಾಂಗಣದ ವೇದಿಕೆಗೆ ಕಡುಗೆಂಪು ಮಖಮಲ್ಲಿನ ಪರದೆ ಬೇಕು ಎಂದರು. ಎರಡು ಬದಿ, ಬದಿಗೆ ನಾಲ್ಕು ಪಟ್ಟಿಗಳು, ಎತ್ತರ ಒಂಬತ್ತು ಅಡಿ. ಹದಿನಾಲ್ಕನೇ ತಾರೀಕಿಗೆ ಸಭಾಂಗಣದ ಉದ್ಘಾಟನೆ. ಹದಿಮೂರರ ಮಧ್ಯಾಹ್ನ ಅವರ ಕೈಯಲ್ಲಿರಬೇಕು. ಇದು ಚೆನ್ನಾಗಿ ಬಂದರೆ ಇಡೀ ಶಾಲೆಯ ಕಿಟಕಿಗಳೂ ನಿಮಗೇ ಎಂದರು. ಹೋಗುವಾಗ ಕಾರ್ಯಕ್ರಮದ ಕಾಗದದಲ್ಲಿ ಅಚ್ಚು ಹಾಕಿಸಲು ನನ್ನ ಹೆಸರು ಕೇಳಿ ಬರೆದುಕೊಂಡರು. ಆ ಹೆಸರನ್ನು ನಾನೇ ಬಾಯಿಬಿಟ್ಟು ಹೇಳಿ ಎಷ್ಟು ವರ್ಷವಾಗಿತ್ತೆಂದರೆ, ಹೇಳುವಾಗ ಯಾರದ್ದೋ ಹೆಸರು ಹೇಳಿದ ಹಾಗಾಯಿತು.

ಅತ್ತೆ ಎಲ್ಲವನ್ನೂ ತಮ್ಮ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡರು. ಬೇಡ ಎನ್ನಲಿಲ್ಲ, ಒಳ್ಳೆಯದಾಯಿತು ಎಂದೂ ಅನ್ನಲಿಲ್ಲ. ಮಖಮಲ್ಲಿಗೆ ತಲೆಯೂ ಇದೆ ಕಾಲೂ ಇದೆ, ಮರೆಯಬೇಡ ಎಂದಷ್ಟೇ ಹೇಳಿದರು. ಅದು ಅವರು ನನಗೆ ಕಲಿಸಿದ ಮೊದಲ ಪಾಠಗಳಲ್ಲಿ ಒಂದು. ಮಖಮಲ್ಲಿನ ಮೈಮೇಲಿನ ನವಿರು ಒಂದೇ ದಿಕ್ಕಿಗೆ ಮಲಗಿರುತ್ತದೆ. ಅಂಗೈಯಿಂದ ಸವರಿದರೆ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ತಡೆ. ಎಲ್ಲ ಪಟ್ಟಿಗಳ ನವಿರೂ ಒಂದೇ ಕಡೆ ಮಲಗಬೇಕು. ಒಂದು ಪಟ್ಟಿ ತಲೆಕೆಳಗಾದರೂ ಹಗಲು ಬೆಳಕಿನಲ್ಲಿ ಅದು ಬೇರೆಯದೇ ಬಣ್ಣವಾಗಿ ಕಾಣುತ್ತದೆ. ಅದಕ್ಕೇ ಕತ್ತರಿಸುವ ಮುಂಚೆ ಸವರಿ ನೋಡಿ, ಹಿಂಬದಿಯಲ್ಲಿ ಸುಣ್ಣದ ಬಳಪದಿಂದ ಬಾಣ ಬರೆಯಬೇಕು. ಇದನ್ನು ನನಗೆ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ತೊಂದರೆ ಶುರುವಾದದ್ದು ಒಂದನೇ ತಾರೀಕಿನಿಂದ. ಪ್ರತಿವರ್ಷ ಮನೆಯ ಉಡುಪು ಬದಲಿಸುವಾಗ ಸ್ಟೂಲು ಹತ್ತುವವಳು ನಾನು, ಕೆಳಗೆ ನಿಂತು ತಪ್ಪು ಹುಡುಕುವವರು ಅತ್ತೆ. ಈ ಸಲ ಅವರು ನನ್ನನ್ನು ಅಸ್ತರಿನ ದಾರ ತರಲು ಪೇಟೆಗೆ ಅಟ್ಟಿದರು. ವಾಪಸು ಬಂದರೆ ಮುಂದಿನ ಕೋಣೆಯ ಬಾಗಿಲಿಗೆ ಅಗಳಿ. ಸಂಜೆಯವರೆಗೂ ಒಳಗೆ ಒಬ್ಬರೇ ಏನೇನೋ ಎಳೆದಾಡಿದರು. ಎಪ್ಪತ್ತು ದಾಟಿದ ಹೆಂಗಸು ಸ್ಟೂಲಿನಿಂದ ಬಿದ್ದರೆ ಸೊಸೆ ಎಲ್ಲಿ ಸತ್ತಿದ್ದಳು ಎಂದು ಕೇಳುವವರಿಗೇನು ಬರವೇ? ಬಾಗಿಲು ತಟ್ಟಿ ತಟ್ಟಿ ನನ್ನ ಗೆಣ್ಣು ನೋಯಿತು. ಸಂಜೆ ಬಾಗಿಲು ತೆಗೆದಾಗ ಒಳಗೆ ಗವಿಯಂಥ ಕತ್ತಲೆ. ಪರದೆಗಳು ಒಂದರ ಮೇಲೊಂದು ಬರುವ ಹಾಗೆ ಎಳೆದಿದ್ದರು. ಅಂದಿನಿಂದ ಹೊಸ ಕಾನೂನು ಜಾರಿಗೆ ಬಂತು. ಚಳಿಗಾಲ ಮುಗಿಯುವ ತನಕ ಆ ಪರದೆ ಸರಿಸುವಂತಿಲ್ಲ. ಬಿಸಿಲು ಬಣ್ಣ ತಿನ್ನುತ್ತದಂತೆ. ಸೋಫಾದ ಮೇಲಿನ ದೀಪ ಕೆಟ್ಟಿತ್ತು, ಅದನ್ನೂ ಬದಲಾಯಿಸಲು ಬಿಡಲಿಲ್ಲ. ಚಳಿಗಾಲಕ್ಕೆ ಮಂದ ಬೆಳಕೇ ಚಂದವಂತೆ. ಇದ್ದದ್ದು ಬಾಗಿಲ ಪಕ್ಕದ ಒಂದು ಬಡಪಾಯಿ ಬಲ್ಬು ಮಾತ್ರ.

ನನಗೆ ಏಕೆ ಅಷ್ಟು ಸಿಟ್ಟು ಬಂತೆಂದು ತಿಳಿಯಬೇಕಾದರೆ ನಮ್ಮ ಮನೆಯನ್ನು ನೋಡಬೇಕು. ಹಿಂದಿನ ಎರಡು ಕೋಣೆಗಳಲ್ಲಿ ಮಂಚ ಹಾಕಿದರೆ ಕಾಲಿಡಲು ಜಾಗವಿಲ್ಲ, ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ತಾರಸಿಯಲ್ಲಿ ಧೂಳು, ಮಖಮಲ್ಲು ಧೂಳನ್ನು ಬಿಡುವುದಿಲ್ಲ. ಒಂಬತ್ತು ಅಡಿಯ ಬಟ್ಟೆ ಹಾಸಲು ನೆಲವಿರುವುದು, ಕಡುಗೆಂಪಿನ ಮೇಲೆ ಕಡುಗೆಂಪು ದಾರ ಕಾಣುವಷ್ಟು ಬೆಳಕಿರುವುದು ಮುಂದಿನ ಕೋಣೆಯಲ್ಲಿ ಮಾತ್ರ. ಅಲ್ಲಿನ ಕಿಟಕಿ ನೆಲದಿಂದ ಸೂರಿನವರೆಗೆ ಹತ್ತು ಅಡಿ. ಅತ್ತೆ ಆ ಕಿಟಕಿಗೆ ಮರುಳಾಗಿ ಮನೆ ಕೊಂಡರು ಎಂದು ಮಾವ ಬದುಕಿದ್ದಾಗ ಹೇಳುತ್ತಿದ್ದರು. ಉಳಿದ ಮನೆ ಅದರ ಜೊತೆಗೆ ಬಿಟ್ಟಿಯಾಗಿ ಬಂದದ್ದಂತೆ.

ನಾನು ಮರ್ಯಾದೆಯಿಂದಲೇ ಕೇಳಿದೆ. ಹನ್ನೆರಡು ದಿನದ ಮಟ್ಟಿಗೆ, ಹಗಲು ನಾಲ್ಕು ಗಂಟೆ ಪರದೆ ಸರಿಸುತ್ತೇನೆ, ಆಮೇಲೆ ಮುಚ್ಚುತ್ತೇನೆ ಎಂದೆ.

"ನೆಲ ಬಳಸ್ಕೋ," ಎಂದರು ಅತ್ತೆ. "ಕಿಟಕಿ ಮುಟ್ಟಬೇಡ."

ಗಂಡನಿಗೆ ಹೇಳಿದೆ. ಅವನು ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತ. ಇಡೀ ದಿನ ದೂರು ಕೇಳಿ ಕೇಳಿ, ಮನೆಯ ದೂರನ್ನೂ ಅದೇ ಮುಖದಲ್ಲಿ ಕೇಳುತ್ತಾನೆ. ಅಮ್ಮ ಇರುವುದೇ ಹಾಗೆ, ನಿನಗೆ ಗೊತ್ತಿಲ್ಲವೇ ಎಂದ. ಮಾರನೆಯ ದಿನ ಪರಿಹಾರವಾಗಿ ಒಂದು ಮೇಜುದೀಪ ತಂದ. ಅದರ ಕತ್ತಿಗೆ ಬಲವಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ತಲೆ ತಗ್ಗಿಸಿ ನನ್ನ ಕೈಮೇಲೆ ಮಲಗುತ್ತಿತ್ತು. ಈ ಮನೆಯಲ್ಲಿ ತಲೆಯೆತ್ತಿ ನಿಲ್ಲುವುದು ದೀಪದ ಕೈಲೂ ಆಗಲಿಲ್ಲವಲ್ಲ ಎಂದು ನಗು ಬಂತು. ಒಳ್ಳೆಯ ನಗುವಲ್ಲ ಅದು.

ಹೀಗೆ ಬಾಗಿಲ ಬಲ್ಬಿನ ಕೆಳಗೆ ಹೊಲಿಗೆಯಂತ್ರ ಇಟ್ಟುಕೊಂಡು, ಗೋಡೆಗೆ ಮುಖ, ಸೋಫಾಕ್ಕೆ ಬೆನ್ನು ಮಾಡಿ ಕೂತೆ. ಮಖಮಲ್ಲಿನ ಕೆಂಪು ಧೂಳು ದಿಂಬಿಗೆ ತಾಗೀತೆಂದು ಸೋಫಾದ ಹತ್ತಿರವೂ ಬರಬೇಡ ಎಂಬ ಅಪ್ಪಣೆ ಬೇರೆ ಆಗಿತ್ತು. ಸಂಜೆಯ ಹೊತ್ತಿಗೆ ಕಣ್ಣು ಉರಿದು ನೀರು ಸುರಿಯುತ್ತಿತ್ತು. ಅತ್ತೆ ಮಾತ್ರ ಕತ್ತಲೆಯಲ್ಲಿ ತಮ್ಮ ಕುರ್ಚಿಯಲ್ಲಿ ಕೂತು, ಎದ್ದು ನೋಡುವ ಗೋಜಿಗೂ ಹೋಗದೆ ತಪ್ಪು ಹೇಳುತ್ತಿದ್ದರು. ಮೇಲಿನ ದಾರ ಬಿಗಿಯಾಯಿತು ನೋಡು. ಸೂಜಿ ಮೊಂಡಾಗಿದೆ, ಬದಲಾಯಿಸು. ಯಂತ್ರದ ಸದ್ದು ಕೇಳಿಯೇ ಹೇಳುವುದು! ನಾನು ತಪಾಸಣೆ ಮಾಡಿದರೆ ದಾರ ಬಿಗಿಯಾಗಿಯೇ ಇರುತ್ತಿತ್ತು, ಸೂಜಿ ಮೊಂಡಾಗಿಯೇ ಇರುತ್ತಿತ್ತು. ಅವರು ಸರಿ ಎನ್ನುವುದೇ ನನ್ನ ಮೈ ಉರಿಸುತ್ತಿತ್ತು.

ಏಳನೆಯ ದಿನ ನನ್ನ ತಾಳ್ಮೆ ಕಿತ್ತುಹೋಯಿತು. ಆಗ ಐದು ಪಟ್ಟಿಗಳಾಗಿ ಮೂರು ಉಳಿದಿದ್ದವು. ನಿಮ್ಮ ಅಂಗಡಿಯಲ್ಲಿ ಮಖಮಲ್ಲನ್ನು ಕತ್ತಲೆಯಲ್ಲೇ ಕತ್ತರಿಸುತ್ತಿದ್ದಿರಾ ಎಂದು ಕೇಳಿಬಿಟ್ಟೆ. ನನಗೆ ಬಂದ ಕೆಲಸ ಹಾಳಾಗಲಿ ಎಂದೇ ತಾನೆ ಇಷ್ಟೆಲ್ಲ, ನನ್ನ ಹೆಸರು ಎಲ್ಲಾದರೂ ಅಚ್ಚಾದರೆ ನಿಮಗೆ ಸಂಕಟ ತಾನೆ ಎಂದೆ.

"ಕೈ ಇದೆಯಲ್ಲ," ಎಂದರು ಅತ್ತೆ. "ಬೆಳಕು ಯಾಕೆ?"

ಹದಿನಾಲ್ಕು ವರ್ಷದಲ್ಲಿ ಇಷ್ಟು ಅಹಂಕಾರದ ಮಾತನ್ನು ನಾನು ಕೇಳಿರಲಿಲ್ಲ. ಹಲ್ಲು ಕಚ್ಚಿಕೊಂಡು ಉಳಿದ ಮೂರು ಪಟ್ಟಿಗಳನ್ನೂ ಆ ಕೋಪದಲ್ಲೇ ಕತ್ತರಿಸಿ ಹಾಕಿದೆ. ಕತ್ತರಿ ನೆಲಕ್ಕೆ ತಾಗಿ ಕರಕರ ಎನ್ನುವುದು ಅವರಿಗೆ ಕೇಳಲಿ ಎಂದೇ ಜೋರಾಗಿ ಕತ್ತರಿಸಿದೆ.

ಹನ್ನೆರಡನೇ ತಾರೀಕು ಬೆಳಿಗ್ಗೆ ಪರದೆ ಮುಗಿಯಿತು. ಅಷ್ಟರಲ್ಲಿ ಹೊರಗೆ ನಿಜವಾದ ಚಳಿಯೂ ಬಂದು ಕೂತಿತ್ತು. ಕೊಡುವ ಮುಂಚೆ ಒಮ್ಮೆ ನೇತುಹಾಕಿ, ಬಟ್ಟೆ ಹೇಗೆ ಇಳಿಬೀಳುತ್ತದೆ, ಕೆಳಗಿನ ಅಂಚು ಸಮ ಇದೆಯೇ ಎಂದು ನೋಡಬೇಕು. ಒಂಬತ್ತು ಅಡಿಯ ಪರದೆಯನ್ನು ನೇತುಹಾಕಲು ಮನೆಯಲ್ಲಿರುವುದು ಅದೊಂದೇ ಕಿಟಕಿಯ ಸರಳು. ಅತ್ತೆಯನ್ನು ಕೇಳಿದರೆ ಏನು ಹೇಳುತ್ತಾರೆಂದು ಗೊತ್ತಿತ್ತು, ಕೇಳಲಿಲ್ಲ. ಅವರು ತಲೆಗೆ ಸ್ನಾನ ಮಾಡಿ ಹಿತ್ತಿಲಲ್ಲಿ ಕೂದಲು ಒಣಗಿಸಲು ಬಿಸಿಲಿಗೆ ಕೂತದ್ದೇ ತಡ, ಸ್ಟೂಲು ಎಳೆದು ಹತ್ತಿದೆ. ಇಟ್ಟಿಗೆ ಬಣ್ಣದ ಪರದೆಗಳನ್ನು ಕೊಂಡಿಯಿಂದ ಬಿಡಿಸಿ ಧೊಪ್ಪೆಂದು ಕೆಳಗೆ ಬಿಟ್ಟೆ. ಹನ್ನೆರಡು ದಿನದ ಮೇಲೆ ಕೋಣೆಗೆ ಬಿಸಿಲು ಬಂತು. ಅದರ ಕಡೆ ನೋಡದೆ ನನ್ನ ಕೆಂಪು ಪರದೆಯ ಬಲಬದಿಯನ್ನು ಏರಿಸಿ, ಇಳಿದು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ.

ಎರಡನೆಯ ಪಟ್ಟಿ ತಲೆಕೆಳಗಾಗಿತ್ತು.

ಉಳಿದ ಮೂರು ಕಡುಗೆಂಪು. ಅದೊಂದು ಮಾತ್ರ ಒಗೆದು ಒಗೆದು ಬಿಳುಚಿದ ಹಾಗೆ ಪೇಲವ. ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತ ಮಗುವಿಗೂ ಕಾಣುವಂಥ ತಪ್ಪು. ಓಡಿಹೋಗಿ ಹಿಂಬದಿ ನೋಡಿದೆ. ಬಾಣವಿರಲಿಲ್ಲ. ಕೋಪದಲ್ಲಿ ಕತ್ತರಿಸಿದ ಮೂರಕ್ಕೂ ಬಾಣವಿರಲಿಲ್ಲ. ಎರಡು ಅದೃಷ್ಟದಿಂದ ಸರಿಯಾಗಿ ಬಿದ್ದಿದ್ದವು, ಒಂದು ಕೈಕೊಟ್ಟಿತ್ತು. ಮೊದಲ ಪಾಠ, ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲ ಪಾಠ. ನನಗೆ ಅಳು ಬರಲಿಲ್ಲ, ರೋಷ ಉಕ್ಕಿ ಬಂತು. ಈ ಕತ್ತಲೆಯಿಂದಲೇ, ಈ ಹಾಳು ಚಳಿಗಾಲದಿಂದಲೇ ಇದೆಲ್ಲ ಆಯಿತೆಂದುಕೊಂಡು, ಕೈಗೆ ಸಿಕ್ಕ ದಿಂಬನ್ನು ಎತ್ತಿ ಎಸೆಯಲು ಸೋಫಾದ ಕಡೆ ತಿರುಗಿದೆ.

ಕೈಗೆ ಸಿಕ್ಕ ದಿಂಬು ಬಿಳಿಯದಾಗಿತ್ತು. ಅಂಚಿಗೆ ನೀಲಿ.

ಹನ್ನೊಂದು ದಿಂಬುಗಳಲ್ಲಿ ಇಟ್ಟಿಗೆ ಬಣ್ಣದವು ಆರು. ಮೂರು ಮಳೆಗಾಲದ ಚೌಕಳಿ, ಎರಡು ಬೇಸಿಗೆಯ ಬಿಳಿ. ಒಂದರ ಗವುಸು ಒಳಹೊರಗಾಗಿ ಹೊಲಿಗೆಯ ದಾರಗಳು ಮೀಸೆಯ ಹಾಗೆ ಹೊರಗೆ ಬಂದಿದ್ದವು. ಉಣ್ಣೆಯ ಹೊದಿಕೆಯ ಅಸ್ತರು ಮೇಲಿತ್ತು. ನಾನು ಕೆಳಗೆ ಬೀಳಿಸಿದ್ದ ಪರದೆಗಳನ್ನು ನೋಡಿದೆ. ಎಡಗಡೆಯದನ್ನು ಹಿಂದುಮುಂದಾಗಿ ಕೊಂಡಿಗೆ ಸಿಕ್ಕಿಸಲಾಗಿತ್ತು.

ನಿಜ ಹೇಳುತ್ತೇನೆ, ಮೊದಲು ನನಗಾದದ್ದು ಖುಷಿ. ಹದಿನಾಲ್ಕು ವರ್ಷ ಕಾದಿದ್ದೆ. ಒಂದು ಮಡಿಕೆ ಬೆರಳಗಲ ಹೆಚ್ಚಾದರೆ ಬಿಚ್ಚಿಸಿದ ಹೆಂಗಸು, ನನ್ನ ಹಳದಿಯನ್ನು ಒರೆಸುವ ಬಟ್ಟೆ ಮಾಡಿದ ಹೆಂಗಸು, ಮೂರು ಕಾಲವನ್ನೂ ಒಂದೇ ಸೋಫಾದ ಮೇಲೆ ಸುರಿದಿದ್ದರು. ಗಂಡನನ್ನು ಕಚೇರಿಯಿಂದ ಕರೆಸಿ ತೋರಿಸಬೇಕು, ಎದುರುಮನೆಯಾಕೆಯನ್ನು ಕೂಗಿ ಕರೆದು ತೋರಿಸಬೇಕು ಅನ್ನಿಸಿತು. ಆ ಖುಷಿ ಎಷ್ಟು ಹೊತ್ತು ಇತ್ತೆಂದರೆ, ನಾನು ಆ ಬಿಳಿ ದಿಂಬನ್ನು ಕೆಳಗಿಡುವಷ್ಟು ಹೊತ್ತು. ಆಮೇಲೆ ಅಗಳಿ ಹಾಕಿದ ಬಾಗಿಲು ನೆನಪಾಯಿತು. ಬದಲಾಯಿಸಬೇಡ ಎಂದ ದೀಪ ನೆನಪಾಯಿತು. ಎದ್ದು ಬಂದು ನೋಡದೆ ಯಂತ್ರದ ಸದ್ದಿನಿಂದ ಹೇಳಿದ ತಪ್ಪುಗಳು, ಕೈ ಇದೆಯಲ್ಲ ಎಂಬ ಮಾತು, ಎಲ್ಲ ಒಂದೊಂದಾಗಿ ಬಂದು ನನ್ನ ಮುಂದೆ ನಿಂತವು.

ಅತ್ತೆ ಹಿತ್ತಿಲಿನಿಂದ ಒಳಗೆ ಬಂದರು. ಹೆಗಲ ಮೇಲೆ ಟವೆಲು, ಬೆನ್ನ ತುಂಬ ಒದ್ದೆ ಕೂದಲು. ಹೊಸ್ತಿಲಲ್ಲಿ ನಿಂತು, ಬಿಸಿಲು ಬಿದ್ದ ಕೆನ್ನೆಯನ್ನು ಕೈಯಿಂದ ಮುಟ್ಟಿಕೊಂಡರು. ಬೈಗುಳಕ್ಕೆ ನಾನು ಸಿದ್ಧಳಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ತೆಗೆದೆಯಾ?"

"ಹೂಂ."

"ಎಷ್ಟು ತಪ್ಪಿದೆ?"

"ಒಂದು," ಎಂದೆ. "ಒಂದು ಪಟ್ಟಿ ತಲೆಕೆಳಗಾಗಿದೆ."

"ನಿಂದಲ್ಲ," ಎಂದರು ಅತ್ತೆ. "ನಂದು."

ಏನೂ ಇಲ್ಲ, ಎಲ್ಲ ಸರಿಯಾಗಿದೆ ಎನ್ನಬಹುದಿತ್ತು. ಆದರೆ ಆ ಹೆಂಗಸಿಗೆ ಜೀವಮಾನದಲ್ಲಿ ಯಾರೂ ಅಂಥ ಸುಳ್ಳು ಹೇಳಿ ದಕ್ಕಿಸಿಕೊಂಡಿರಲಿಲ್ಲ. ದಿಂಬು ಐದು ಎಂದೆ. ಹೊದಿಕೆ ಒಂದು, ಪರದೆ ಒಂದು, ಗವುಸು ಒಂದು ಎಂದೆ. ಯಾವುದು ಯಾವುದರ ಜಾಗದಲ್ಲಿದೆ ಎಂದು ಕೇಳಿದರು, ಅದನ್ನೂ ಹೇಳಿದೆ. ಅವರು ಅಂಗಡಿಯಲ್ಲಿ ಸರಕಿನ ವಿವರ ಕೇಳಿಸಿಕೊಳ್ಳುವವರ ಹಾಗೆ ತಲೆಯಾಡಿಸುತ್ತ ಕೇಳಿಸಿಕೊಂಡರು. ಆಮೇಲೆ ತಾವಾಗಿಯೇ ಹೇಳಿದರು. ಮಳೆಗಾಲದಿಂದಲೇ ಬಣ್ಣಗಳು ಹೋಗತೊಡಗಿದ್ದವಂತೆ. ಮೊದಲು ಇಟ್ಟಿಗೆ ಬಣ್ಣ ಬೂದಿಯ ಹಾಗೆ ಕಾಣುತ್ತಿತ್ತಂತೆ, ಈಗ ಎಲ್ಲವೂ ಬೂದಿ. ಆಕಾರಗಳೂ ಮಸುಕು. ಯಾವ ಪೆಟ್ಟಿಗೆ ಯಾವುದೆಂದು ತಿಳಿಯದೆ ಮೂರನ್ನೂ ಸುರಿದುಕೊಂಡು, ಪರದೆ, ಹೊದಿಕೆಗಳನ್ನು ದಪ್ಪ ಮುಟ್ಟಿ ಗುರುತು ಹಿಡಿದರಂತೆ. ದಿಂಬಿನ ಗವುಸುಗಳು ಮೂರು ಕಾಲಕ್ಕೂ ಒಂದೇ ಹತ್ತಿಯವು, ಅಲ್ಲಿ ಕೈ ಸೋತಿತಂತೆ.

ನನಗೆ ಮತ್ತೆ ಸಿಟ್ಟು ಬಂತು. ಪೊರೆ ಬಂದಿದ್ದರೆ ತೆಗೆಸಬಹುದು, ಅರ್ಧ ಗಂಟೆಯ ಕೆಲಸ, ಬಾಯಿಬಿಟ್ಟು ಹೇಳುವುದಕ್ಕೇನಾಗಿತ್ತು ಎಂದು ರೇಗಿದೆ. ಅತ್ತೆ ಅಸ್ತರು ಬಟ್ಟೆ ತರುತ್ತೇನೆಂದು ಹೇಳಿ ಒಬ್ಬರೇ ಎರಡು ಸಲ ಕಣ್ಣಿನ ಡಾಕ್ಟರ ಬಳಿ ಹೋಗಿಬಂದಿದ್ದರಂತೆ. ಪೊರೆಯಲ್ಲವಂತೆ. ಕಣ್ಣಿನ ಹಿಂದಿನ ನರ, ಹೋದದ್ದು ವಾಪಸು ಬರುವುದಿಲ್ಲವಂತೆ. ನಮಗೇಕೆ ಹೇಳಲಿಲ್ಲ ಎಂದೆ.

"ಬಣ್ಣ ಕಾಣದೋಳು ಬಣ್ಣ ಹೇಳಿದ್ರೆ ಯಾರು ಕೇಳ್ತಾರೆ?" ಎಂದರು.

ಹನ್ನೆರಡು ದಿನ ನನ್ನ ಕಣ್ಣು ಸುಟ್ಟಿದ್ದು, ನನ್ನ ಪಟ್ಟಿ ಕೆಟ್ಟಿದ್ದು ಎಲ್ಲ ಹಾಗೆಯೇ ಇತ್ತು. ಆದರೆ ಆ ಸಿಟ್ಟನ್ನು ತೆಗೆದುಕೊಂಡು ಹೋಗಿ ಯಾರ ಮೇಲೆ ಹಾಕುವುದು? ಇಬ್ಬರ ತಪ್ಪನ್ನೂ ಒಂದೇ ಕತ್ತಲೆ ಮುಚ್ಚಿಟ್ಟಿತ್ತು. ಒಬ್ಬರಿಗೆ ಅದು ಬೇಕಿತ್ತು, ಇನ್ನೊಬ್ಬರಿಗೆ ಬೇಡವಾಗಿತ್ತು, ಅಷ್ಟೆ.

ಅತ್ತೆ ಕೈ ಮುಂದೆ ಚಾಚಿಕೊಂಡು ನನ್ನ ಕೆಂಪು ಪರದೆಯ ಹತ್ತಿರ ಬಂದರು. ಅಂಗೈಯನ್ನು ಮೇಲಿನಿಂದ ಕೆಳಗೆ ಇಳಿಸಿದರು. ಮೊದಲ ಪಟ್ಟಿ. ಎರಡನೆಯದರ ಮೇಲೆ ಕೈ ನಿಂತಿತು. ಕಣ್ಣಿಟ್ಟು ನೋಡಿ ನಾನು ಹನ್ನೆರಡು ದಿನದಲ್ಲಿ ಕಾಣದ್ದು ಅವರಿಗೆ ಒಮ್ಮೆ ಸವರಿದ್ದರಲ್ಲೇ ಸಿಕ್ಕಿತು.

"ಬಾಣ ಹಾಕಿಲ್ಲ," ಎಂದರು.

"ನಿಮ್ಮ ಮೇಲೆ ಕೋಪ ಇತ್ತು."

"ಕೋಪಕ್ಕೂ ಬಾಣಕ್ಕೂ ಏನು ಸಂಬಂಧ? ನಾನು ನಿನ್ನ ಮೇಲೆ ಕೋಪ ಮಾಡ್ಕೊಂಡೇ ಎಷ್ಟು ಪರದೆ ಕತ್ತರಿಸಿಲ್ಲ."

ಅದು ನಿಜವಿರಬೇಕು. ಆಮೇಲೆ ಬಗ್ಗಿ ಕೆಳಗಿನ ಮಡಿಕೆಯನ್ನು ಗೇಣಿನಿಂದ ಅಳೆದರು. ಒಂದು ಗೇಣು ತುಂಬ ಇತ್ತು. ಅಷ್ಟು ಬಟ್ಟೆ ಮಡಿಕೆಯಲ್ಲಿ ಬಿಡುವುದು ದಂಡ ಎಂದು ಅವರೊಡನೆ ಎಷ್ಟು ಸಲ ವಾದಿಸಿದ್ದೆನೋ! ಆದರೂ ನನ್ನ ಕೈ ನನ್ನನ್ನು ಕೇಳದೆಯೇ ಅವರು ಕಲಿಸಿದಷ್ಟೇ ಬಿಟ್ಟಿತ್ತು. ಪಟ್ಟಿಯನ್ನು ಪೂರ್ತಿ ಬಿಚ್ಚಿ ತಿರುಗಿಸಿದರೆ ಮೇಲಿನ ಸೂಜಿಗುರುತುಗಳು ಕೆಳಗೆ ಬರುತ್ತವೆ, ಆ ಒಂದು ಗೇಣು ಮಡಿಕೆಯೊಳಗೆ ಅಡಗಿಹೋಗುತ್ತವೆ. ಕೆಳಗಿನದು ಕೈಹೊಲಿಗೆ, ಹಬೆ ಕೊಟ್ಟರೆ ಗುರುತು ಉಳಿಯುವುದಿಲ್ಲ. ಇವತ್ತು ಇಡೀ ಹಗಲು, ನಾಳೆ ಬೆಳಗು ಬೇಕು. ಬೆಳಕಂತೂ ಬೇಕೇ ಬೇಕು. ಮಖಮಲ್ಲಿನ ಹೊಲಿಗೆ ಬಿಚ್ಚುವಾಗ ಒಂದು ನವಿರು ಕಿತ್ತರೂ ಬೋಳು ಬೀಳುತ್ತದೆ.

ನಾನು ಕಿಟಕಿ ನೋಡಿದೆ. ಪರದೆಯೇ ಇಲ್ಲದ ಹತ್ತು ಅಡಿಯ ಗಾಜು, ಬೀದಿಯಲ್ಲಿ ಹೋಗುವವರೆಲ್ಲ ನಮ್ಮ ಮೂರು ಕಾಲದ ಸೋಫಾವನ್ನು ನೋಡಬಹುದು. ಇಟ್ಟಿಗೆ ಬಣ್ಣದ್ದನ್ನೇ ಸರಿಮಾಡಿ ಏರಿಸಿ ಅರ್ಧ ಸರಿಸಿಡಲೇ ಎಂದು ಕೇಳಿದೆ.

ಅತ್ತೆ ತಮ್ಮ ಕುರ್ಚಿಯನ್ನು ತಡಕಿ ಕೂತರು.

"ಬೇಸಿಗೆ ಪೆಟ್ಟಿಗೆ ತೆಗಿ," ಎಂದರು. "ಬಿಳೀದು ಹಾಕು."

ನಾನು ಕದಲಲಿಲ್ಲ. ಒಂದನೇ ತಾರೀಕಿನ ಹತ್ತು ಗಂಟೆಯನ್ನು ಮಾವ ಆಸ್ಪತ್ರೆಯಲ್ಲಿದ್ದಾಗಲೂ ಅವರು ತಪ್ಪಿಸಿರಲಿಲ್ಲ. ಚಳಿ ಹಲ್ಲು ಕಟಕಟಿಸುವಾಗ ಆ ಮನೆಯ ಮುಖಕ್ಕೆ ಬೇಸಿಗೆ ಹಾಕು ಎಂದು ಅವರ ಬಾಯಿಂದಲೇ ಬಂದದ್ದನ್ನು ನನ್ನ ಕಿವಿ ನಂಬಲಿಲ್ಲ. ಮತ್ತೆ ಹೇಳಿಸಬೇಡ ಎಂದರು. ಅದು ಹಳೆಯ ದನಿ. ಹೋಗಿ ಪೆಟ್ಟಿಗೆ ತೆಗೆದೆ. ಬಿಳಿ ಪರದೆ ಏರಿಸಿದೆ, ಸೋಫಾದ ದಿಂಬುಗಳನ್ನು ಸರಿಯಾದ ಗವುಸಿಗೆ ಹಾಕಿದೆ. ಕೋಣೆ ತುಂಬ ಹಾಲಿನಂಥ ಬೆಳಕು ನಿಂತಿತು, ಜೊತೆಗೆ ಗಾಜಿನ ಸಂದಿಯಿಂದ ಕೊರೆಯುವ ಗಾಳಿ. ಅತ್ತೆ ಉಣ್ಣೆಯ ಹೊದಿಕೆಯನ್ನು ಸೋಫಾದಿಂದ ಎಳೆದು ಮೈಗೆ ಸುತ್ತಿಕೊಂಡರು. ಅಷ್ಟು ವರ್ಷಗಳಲ್ಲಿ ಆ ಹೊದಿಕೆ ಒಬ್ಬರ ಮೈಮೇಲೆ ಬಂದದ್ದು ಅದೇ ಮೊದಲು.

ಇಬ್ಬರೂ ಕೆಲಸಕ್ಕೆ ಕೂತೆವು. ನಾನು ಹೊಲಿಗೆ ಬಿಚ್ಚುತ್ತಿದ್ದೆ, ಅವರು ಬಟ್ಟೆಯನ್ನು ಬಿಗಿ ಹಿಡಿದು ಎಲ್ಲಿ ಎಳೆ ಸಿಕ್ಕಿಕೊಂಡಿದೆ ಎಂದು ಬೆರಳಲ್ಲೇ ಹೇಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಬಿಡಿಯಾಗಿ ಕೈಗೆ ಬಂತು. ಅವರು ಸವರಿ ತಿರುಗಿಸಿದರು, ನಾನು ಹಿಂಬದಿಯಲ್ಲಿ ಬಾಣ ಬರೆದೆ. ಕಚ್ಚಾಹೊಲಿಗೆ ಹಾಕುತ್ತ ತಲೆಯೆತ್ತಿದರೆ, ಬಿಳಿ ಪರದೆಯಾಚೆ ಎದುರುಮನೆಯಲ್ಲಿ ಏನೋ ಓಡಾಟ ಕಂಡಿತು. ಎದುರುಮನೆಯಾಕೆ ಸ್ಟೂಲಿನ ಮೇಲೆ ನಿಂತು ತನ್ನ ದಪ್ಪ ಪರದೆ ಇಳಿಸುತ್ತಿದ್ದಳು. ಅವಳ ಹೆಗಲ ಮೇಲೆ ತೆಳುವಾದ ಬಿಳಿ ಬಟ್ಟೆ ಇತ್ತು. ಅತ್ತೆಗೆ ಹೇಳಿದೆ.

ಅತ್ತೆಯ ಕೈ ನಿಂತಿತು. ನಗುತ್ತಾರೆಂದುಕೊಂಡೆ, ನಗಲಿಲ್ಲ.

"ಅವಳ ಮನೇಲಿ ಮಗು ಇದೆ," ಎಂದರು. "ಚಳಿ ಹಿಡಿಯುತ್ತೆ. ಹೋಗಿ ಹೇಳು."

ಏನೆಂದು ಹೇಳಲಿ ಎಂದು ಕೇಳಿದೆ.

"ಇದ್ದದ್ದು ಹೇಳು. ಕ್ಯಾಲೆಂಡರಮ್ಮಂಗೆ ಇನ್ನು ಕಣ್ಣು ಕಾಣಲ್ಲ ಅನ್ನು."

ಚಪ್ಪಲಿ ಮೆಟ್ಟಿಕೊಂಡು ಬೀದಿ ದಾಟಿದೆ. ಹತ್ತು ಹೆಜ್ಜೆಯ ಬೀದಿ. ಕ್ಯಾಲೆಂಡರಮ್ಮನೂ ತಪ್ಪುತ್ತಾರೆ ಎಂದು ಇಡೀ ಬೀದಿಗೆ ಸಾರಬೇಕೆಂದು ಬೆಳಿಗ್ಗೆ ತಾನೆ ಕುಣಿದಿದ್ದೆ. ಈಗ ಅವರೇ ಅಪ್ಪಣೆ ಕೊಟ್ಟು ಕಳಿಸಿದ್ದರು. ಎದುರುಮನೆಯಾಕೆ ಸ್ಟೂಲಿನ ಮೇಲಿಂದಲೇ ನನ್ನತ್ತ ನೋಡಿದಳು. ನಾಲಿಗೆಯ ತುದಿಗೆ ಬಂದ ಮಾತನ್ನು ಅಲ್ಲೇ ಬದಲಿಸಿದೆ.

"ಬಿಳೀದು ಹಾಕ್ಬೇಡಿ," ಎಂದೆ. "ಅತ್ತೆ ಹಾಕ್ಸಿದ್ದಲ್ಲ. ನಾನೇ ತಪ್ಪಾಗಿ ಹಾಕ್ಬಿಟ್ಟೆ."

ಅವಳು ಬಿಳಿ ಬಟ್ಟೆಯನ್ನು ಹೆಗಲಿನಿಂದ ಇಳಿಸಿ ಮಡಚತೊಡಗಿದಳು.

"ಅದೇ ಅಂದ್ಕೊಂಡೆ," ಎಂದಳು. "ಅವರು ತಪ್ಪೋರಲ್ವಲ್ಲ. ಹದಿನಾಲ್ಕು ವರ್ಷ ಅವರ ಜೊತೆಗಿದ್ದೂ ನೀವಿನ್ನೂ ಕಲಿತಿಲ್ವಾ?"

ನಾನು ವಾಪಸು ಬಂದೆ. ನಾಡಿದ್ದು ಸಭಾಂಗಣದಲ್ಲಿ ಕಾರ್ಯಕ್ರಮದ ಕಾಗದ ಹಂಚುವಾಗ ಬೀದಿಯವರ ಜೊತೆ ಅವಳೂ ಬಂದಿರುತ್ತಾಳೆ. ನನ್ನ ಹೆಸರು ಓದುತ್ತಾಳೆ, ಯಾರದ್ದು ಎಂದು ಅವಳಿಗೆ ತಿಳಿಯುವುದಿಲ್ಲ. ಅತ್ತೆ ಹೊದಿಕೆಯೊಳಗಿಂದ ಮುಖವೆತ್ತಿ ಹೇಳಿದೆಯಾ ಎಂದು ಕೇಳಿದರು. ಹೇಳಿದೆ ಎಂದೆ. ಏನಂದಳು ಎಂದರು.

"ಏನೂ ಅನ್ನಲಿಲ್ಲ," ಎಂದೆ. "ಬಟ್ಟೆ ಬಿಗಿಯಾಗಿ ಹಿಡ್ಕೊಳ್ಳಿ, ಹೊಲಿಗೆ ಸೊಟ್ಟ ಹೋಗುತ್ತೆ."

ಅವರು ಬಿಗಿಯಾಗಿ ಹಿಡಿದುಕೊಂಡರು.